ಬದುಕಿದ್ದವನಿಗೆ ನೆಟ್ಟ ವೀರಗಲ್ಲು: ಯುದ್ಧಚಿತ್ರಗಳನ್ನು ಓದುವ ಒಂದು ಬಗೆ

ತೆರೆಯ ಮೇಲೆ ತಮ್ಮ ಸಾವನ್ನು ನೋಡಿ ದೇಶವೇ ಕಣ್ಣೊರೆಸಿಕೊಂಡ ಮೇಲೂ ಭೈರೋಂ ಸಿಂಗ್ ರಾಠೋಡ್ ಇಪ್ಪತ್ತೈದು ವರ್ಷ ಬದುಕಿದ್ದರು. 1971ರ ಡಿಸೆಂಬರ್ 4ರ ರಾತ್ರಿ ರಾಜಸ್ಥಾನದ ಲೋಂಗೇವಾಲಾ ಠಾಣೆಯಲ್ಲಿ 23 ಪಂಜಾಬ್ ರೆಜಿಮೆಂಟಿನ ಸುಮಾರು 120 ಜನರ ತುಕಡಿಯ ಜೊತೆ ನಿಂತು ಪಾಕಿಸ್ತಾನದ ಟ್ಯಾಂಕ್‌ಗಳನ್ನು ತಡೆದವರಲ್ಲಿ ಗಡಿ ಭದ್ರತಾ ಪಡೆಯ ಈ ಯೋಧರೂ ಒಬ್ಬರು. ಅದಕ್ಕಾಗಿ ಅವರಿಗೆ ಸೇನಾ ಪದಕ ಸಿಕ್ಕಿತು. 1997ರ ಜೂನ್‌ನಲ್ಲಿ ಬಂದ ಜೆ.ಪಿ. ದತ್ತಾ ಅವರ 'ಬಾರ್ಡರ್' ಚಿತ್ರದಲ್ಲಿ ಅವರ ಪಾತ್ರ ಮಾಡಿದ್ದು ಮುಲ್ಕಿ ಮೂಲದ ಸುನೀಲ್ ಶೆಟ್ಟಿ. ಚಿತ್ರದ ಭೈರೋಂ ಸಿಂಗ್ ಶತ್ರುವಿನ ಟ್ಯಾಂಕ್ ಸ್ಫೋಟಿಸಿ ತಾನೂ ಹುತಾತ್ಮನಾಗುತ್ತಾನೆ. ನಿಜವಾದ ಭೈರೋಂ ಸಿಂಗ್ ತೀರಿಕೊಂಡದ್ದು 2022ರ ಡಿಸೆಂಬರ್‌ನಲ್ಲಿ, ಜೋಧ್‌ಪುರದ ಆಸ್ಪತ್ರೆಯಲ್ಲಿ, 81ನೇ ವಯಸ್ಸಿನಲ್ಲಿ.

ಇದು ಅವರೊಬ್ಬರ ವಿಷಯದಲ್ಲಿ ಮಾತ್ರ ಆದ ತಪ್ಪಲ್ಲ. ಲೋಂಗೇವಾಲಾದಲ್ಲಿ ಭಾರತದ ಕಡೆ ಪ್ರಾಣ ಬಿಟ್ಟವರು ಇಬ್ಬರು ಎಂಬುದು ಸಾಮಾನ್ಯವಾಗಿ ಎಲ್ಲರೂ ಒಪ್ಪಿದ ಲೆಕ್ಕ. ಚಿತ್ರದಲ್ಲಾದರೋ ನಾವು ಹೆಸರು ಹಿಡಿದು ಗುರುತಿಸುವಷ್ಟು ಹತ್ತಿರವಾದ ಸೈನಿಕರಲ್ಲಿ ಅರ್ಧಕ್ಕರ್ಧ ಜನ ಬೆಳಗಾಗುವಷ್ಟರಲ್ಲಿ ಸತ್ತಿರುತ್ತಾರೆ. ಇಷ್ಟು ಕಡಿಮೆ ಪ್ರಾಣಹಾನಿಯಲ್ಲಿ ಗೆದ್ದ ಕಾಳಗದ ಕತೆ ಹೇಳುವಾಗ ಸಾವುಗಳನ್ನು ಹೊರಗಿನಿಂದ ತಂದು ತುಂಬಬೇಕಾದದ್ದು ಏಕೆ?

ಸಿನಿಮಾ ಅಂದಮೇಲೆ ಅಳಿಸಬೇಕಲ್ಲ ಎಂದು ಹೇಳಿ ಮುಗಿಸಬಹುದು. ಆದರೆ ಪ್ರೇಕ್ಷಕ ಯಾವುದಕ್ಕೆ ಅಳುತ್ತಾನೆ ಎಂಬ ನಿರ್ಮಾಪಕನ ಅಂದಾಜು ಆ ಕಾಲದ ಸಮಾಜದ ಬಗೆಗಿನ ಅಂದಾಜೂ ಹೌದು. ಅಂದಾಜು ತಪ್ಪಿದರೆ ದುಡ್ಡು ಮುಳುಗುತ್ತದೆ. ಆದ್ದರಿಂದ ಅವನು ಅದನ್ನು ಬಹಳ ಜಾಗರೂಕತೆಯಿಂದಲೇ ಮಾಡಿರುತ್ತಾನೆ.

ನಮ್ಮ ಊರುಗಳ ಹೊರಗೆ, ಕೆರೆ ಏರಿಯ ಮೇಲೆ, ದೇವಸ್ಥಾನದ ಹಿತ್ತಿಲಿನಲ್ಲಿ ನಿಂತಿರುವ ವೀರಗಲ್ಲುಗಳನ್ನು ನೆನಪಿಸಿಕೊಂಡರೆ ಇದು ಬೇಗ ಅರ್ಥವಾಗುತ್ತದೆ. ಸಾಮಾನ್ಯವಾಗಿ ಅದರಲ್ಲಿ ಮೂರು ಅಂಕಣ. ಕೆಳಗೆ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಅನೇಕ ಕಲ್ಲುಗಳ ಮೇಲೆ ಒಂದೇ ಶ್ಲೋಕ: 'ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ'. ಗೆದ್ದರೆ ಸಂಪತ್ತು, ಸತ್ತರೆ ಸ್ವರ್ಗದ ಹೆಣ್ಣು, ಕ್ಷಣದಲ್ಲಿ ಅಳಿಯುವ ಈ ದೇಹ ರಣದಲ್ಲಿ ಹೋದರೆ ಚಿಂತೆ ಏನು ಎಂದು ಅದು ಕೇಳುತ್ತದೆ. ತುರುಗಳನ್ನು ಬಿಡಿಸಿ ತರಲು ಹೋಗಿ ಸತ್ತವನ ಹೆಂಡತಿ ಏನೆಂದಳು ಎಂಬುದು ಆ ಕಲ್ಲಿನಲ್ಲಿ ಇಲ್ಲ. ಊರಿಗೆ ಬೇಕಾದದ್ದು ಮಾತ್ರ ಅಲ್ಲಿದೆ. ವೀರಗಲ್ಲು ನೆಡಬೇಕಾದರೆ ಸತ್ತವನೊಬ್ಬ ಬೇಕೇ ಬೇಕು. 'ಬಾರ್ಡರ್' ಬದುಕಿದ್ದವನಿಗೆ ವೀರಗಲ್ಲು ನೆಟ್ಟಿತು.

ಯುದ್ಧಚಿತ್ರವನ್ನು ನೋಡುವಾಗ ಎರಡು ಪಂಚಾಂಗಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಒಂದು ಯುದ್ಧ ನಡೆದ ಕಾಲದ್ದು, ಇನ್ನೊಂದು ಚಿತ್ರ ಬಂದ ಕಾಲದ್ದು. ನಾವು ಸಾಮಾನ್ಯವಾಗಿ ಮೊದಲನೆಯದನ್ನಷ್ಟೇ ಹಿಡಿದುಕೊಂಡು ಸಮವಸ್ತ್ರ ಸರಿಯಾಗಿದೆಯೇ, ಬಂದೂಕು ಆ ಕಾಲದ್ದೇ ಎಂದು ವಾದಿಸುತ್ತೇವೆ. ಆದರೆ ಹೇಳಬೇಕಾದ್ದನ್ನು ಹೇಳುವುದು ಹೆಚ್ಚಾಗಿ ಎರಡನೆಯದೇ. ಕನ್ನಡದವರಿಗೆ ಇದೇನೂ ಹೊಸತಲ್ಲ. 941ರಲ್ಲಿ ಪಂಪ ಕುರುಕ್ಷೇತ್ರದ ಕತೆ ಹೇಳುತ್ತ ಅರ್ಜುನನೊಳಗೆ ತನ್ನ ದೊರೆ ಅರಿಕೇಸರಿಯನ್ನು ಕೂರಿಸಿದಾಗ ಮಾಡಿದ್ದೂ ಇದನ್ನೇ.

ಸಿನಿಮಾದಲ್ಲಿ ಇದರ ಅಚ್ಚುಕಟ್ಟಾದ ಉದಾಹರಣೆ ಅಮೆರಿಕದ್ದು. 1970ರಲ್ಲಿ ಬಂದ ರಾಬರ್ಟ್ ಆಲ್ಟ್‌ಮನ್ ಅವರ 'ಮ್ಯಾಶ್' ಕೊರಿಯಾ ಯುದ್ಧಕಾಲದ ಸೇನಾ ಆಸ್ಪತ್ರೆಯೊಂದರ ಕತೆ. ಆ ಯುದ್ಧದ ಕದನವಿರಾಮವಾಗಿ ಆಗಲೇ ಹದಿನೇಳು ವರ್ಷವಾಗಿತ್ತು. ಆದರೆ ವಿಯೆಟ್ನಾಂನಿಂದ ಶವಗಳು ಬರುತ್ತಲೇ ಇದ್ದವು. ನಿರ್ದೇಶಕರು ಕೊರಿಯಾದ ಪ್ರಸ್ತಾಪವನ್ನು ಆದಷ್ಟು ತೆಗೆದುಹಾಕಿದರು. ಗಾಬರಿಗೊಂಡ ಸ್ಟುಡಿಯೋ ಇದು ಕೊರಿಯಾದ್ದೇ ಎಂದು ಚಿತ್ರದ ಆರಂಭದಲ್ಲಿ ಬರಹ ಸೇರಿಸಿತು. ಪ್ರೇಕ್ಷಕರಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ.

ಇನ್ನು ನಮ್ಮ ಕಡೆಗೆ ಬರೋಣ. 1962ರ ಅಕ್ಟೋಬರ್ 20ರಿಂದ ನವೆಂಬರ್ 21ರವರೆಗೆ ಚೀನಾದೊಂದಿಗೆ ನಡೆದ ಯುದ್ಧದಲ್ಲಿ ಭಾರತ ಸೋತಿತು. ಚಳಿಗಾಲದ ಬಟ್ಟೆಯೂ ಸರಿಯಾಗಿ ಇಲ್ಲದೆ, ಹಳೆಯ ರೈಫಲ್‌ಗಳನ್ನು ಹಿಡಿದು ಸೈನಿಕರು ಹಿಮಾಲಯದ ನೆತ್ತಿಯ ಮೇಲೆ ನಿಂತಿದ್ದರು. ರಕ್ಷಣಾ ಸಚಿವ ಕೃಷ್ಣ ಮೆನನ್ ಹುದ್ದೆ ಬಿಡಬೇಕಾಯಿತು. ಲಡಾಖಿನ ರೆಜಾಂಗ್ ಲಾದಲ್ಲಿ ನವೆಂಬರ್ 18ರಂದು ಮೇಜರ್ ಶೈತಾನ್ ಸಿಂಗ್ ನೇತೃತ್ವದ 13 ಕುಮಾವೂನ್ ತುಕಡಿಯ ಸುಮಾರು 120 ಜನರಲ್ಲಿ ಬಹುತೇಕ ಎಲ್ಲರೂ ಮಡಿದರು. ಚಳಿಗಾಲ ಕಳೆಯುವ ಹೊತ್ತಿಗೆ ಹೋಗಿ ನೋಡಿದಾಗ ಕಂದಕಗಳಲ್ಲಿ ಆಯುಧ ಹಿಡಿದ ಭಂಗಿಯಲ್ಲೇ ಹೆಪ್ಪುಗಟ್ಟಿದ ದೇಹಗಳು ಸಿಕ್ಕವು.

ಈ ಸೋಲನ್ನು ತೆರೆಗೆ ತಂದದ್ದು ಚೇತನ್ ಆನಂದ್ ಅವರ 'ಹಕೀಕತ್', 1964ರಲ್ಲಿ. ಅದನ್ನು ಮಾಡಿದವರು ಯಾರೆಂದು ನೋಡಿದರೆ ಕುತೂಹಲ ಹುಟ್ಟುತ್ತದೆ. ಚೇತನ್ ಆನಂದ್ 1946ರಲ್ಲಿ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಪಡೆದ 'ನೀಚಾ ನಗರ್' ನಿರ್ದೇಶಕರು. ಮುಖ್ಯ ಪಾತ್ರದಲ್ಲಿದ್ದ ಬಲರಾಜ್ ಸಾಹ್ನಿ ಮತ್ತು ಹಾಡು ಬರೆದ ಕೈಫಿ ಆಜ್ಮಿ ಇಬ್ಬರೂ ಎಡಪಂಥೀಯ ರಂಗಚಳವಳಿಯಾದ ಇಪ್ಟಾದಲ್ಲಿ ಬೆಳೆದವರು. ಕಮ್ಯುನಿಸ್ಟ್ ಪಕ್ಷ ಒಡೆದದ್ದೂ ಅದೇ 1964ರಲ್ಲಿ. ಆ ಒಡಕಿನಲ್ಲಿ ಚೀನಾದ ಬಗೆಗಿನ ನಿಲುವಿನ ಪಾಲೂ ಇತ್ತು. ಸಮಾಜವಾದಿ ನೆರೆಹೊರೆಯ ಕನಸು ಕಂಡ ಕಲಾವಿದರೇ ಕೂತು ಆ ಕನಸಿನ ಶವಸಂಸ್ಕಾರ ಮಾಡಿದಂತೆ 'ಹಕೀಕತ್' ನನಗೆ ಕಾಣುತ್ತದೆ. ಅದರಲ್ಲಿರುವ ನೋವು ಕೃತಕವಲ್ಲದಿರುವುದಕ್ಕೆ ಬಹುಶಃ ಇದೂ ಕಾರಣ.

ಚಿತ್ರದುದ್ದಕ್ಕೂ ಸೈನಿಕರು ಹಿಂದೆ ಸರಿಯುತ್ತಾರೆ, ಒಬ್ಬೊಬ್ಬರಾಗಿ ಸಾಯುತ್ತಾರೆ. ನಡುವೆ ರಫಿ, ತಲತ್ ಮಹಮೂದ್, ಮನ್ನಾ ಡೇ, ಭೂಪಿಂದರ್ ಸೇರಿ ಹಾಡಿದ ಹಾಡೊಂದು ಬರುತ್ತದೆ. ಊರಲ್ಲಿ ಬಿಟ್ಟು ಬಂದವಳು ತನ್ನನ್ನು ಮರೆಯುವ ಅನಿವಾರ್ಯಕ್ಕೆ ಬಿದ್ದಿರಬಹುದು ಎಂದು ಗಂಡಸರು ಹಿಮದಲ್ಲಿ ಕೂತು ಊಹಿಸಿಕೊಳ್ಳುವ ಹಾಡು. ಕೊನೆಗೆ ಸತ್ತವರ ಮೇಲೆ ಕ್ಯಾಮೆರಾ ಸರಿಯುವಾಗ ರಫಿಯ ದನಿ ನಾವು ಹೊರಟೆವು, ದೇಶ ಇನ್ನು ನಿಮ್ಮ ಕೈಯಲ್ಲಿದೆ ಎನ್ನುತ್ತದೆ. ಸೋತ ಸಮಾಜವೊಂದು ತನಗೆ ತಾನೇ ಸಮಾಧಾನ ಹೇಳಿಕೊಂಡ ಬಗೆ ಇದು. ಸೈನಿಕ ಸೋಲಲಿಲ್ಲ, ಅವನು ಕೊಟ್ಟುಹೋದ. ಅವನಿಗೆ ಬೆಚ್ಚನೆಯ ಕೋಟು ಕೊಡದೆ ಕಳಿಸಿದ್ದು ಯಾರು ಎಂಬ ಪ್ರಶ್ನೆಯನ್ನು ಚಿತ್ರ ಹಿಡಿದು ಕೂರುವುದಿಲ್ಲ. ಆ ಸೋಲನ್ನು ಪರಿಶೀಲಿಸಿದ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿಯನ್ನು ಸರ್ಕಾರವೂ ಅಧಿಕೃತವಾಗಿ ಪ್ರಕಟಿಸಲಿಲ್ಲ. ತ್ಯಾಗದ ಹಾಡು ಎಷ್ಟು ದೊಡ್ಡದಾಗಿತ್ತೆಂದರೆ ಆ ಪ್ರಶ್ನೆ ಕೇಳಿಸದೇ ಹೋಯಿತು.

ಆಮೇಲೆ ಹಿಂದಿ ಚಿತ್ರರಂಗ ದಶಕಗಳ ಕಾಲ 1962ರ ಹತ್ತಿರ ಸುಳಿದದ್ದೇ ಅಪರೂಪ. 1965ರ ಯುದ್ಧದ ನಂತರ ಶಾಸ್ತ್ರಿಯವರ 'ಜೈ ಜವಾನ್ ಜೈ ಕಿಸಾನ್' ಘೋಷಣೆ 1967ರ 'ಉಪಕಾರ್' ಆಯಿತು. 1971ರ ಗೆಲುವಿನ ಬೆನ್ನಿಗೆ ಚೇತನ್ ಆನಂದ್ ವಾಯುಪಡೆಯ ಕುರಿತು 'ಹಿಂದುಸ್ತಾನ್ ಕೀ ಕಸಮ್' ಮಾಡಿದರು. ಅದು ಸೋಲಿನ ಚಿತ್ರದಷ್ಟು ಜನರ ಎದೆಯಲ್ಲಿ ಉಳಿಯಲಿಲ್ಲ. ಅಷ್ಟರಲ್ಲಿ ಸಿನಿಮಾದ ಸಿಟ್ಟು ಗಡಿಯಿಂದ ಒಳಗೆ, ಬೆಲೆ ಏರಿಕೆ, ನಿರುದ್ಯೋಗ, ಪೊಲೀಸ್ ಠಾಣೆಗಳ ಕಡೆಗೆ ತಿರುಗಿತ್ತು.

ಗೆದ್ದ ಯುದ್ಧಕ್ಕೆ ತಕ್ಕ ಚಿತ್ರ ಬರಲು ಇಪ್ಪತ್ತಾರು ವರ್ಷ ಬೇಕಾಯಿತು. 1997 ಸ್ವಾತಂತ್ರ್ಯದ ಐವತ್ತನೇ ವರ್ಷ. ಕಾಶ್ಮೀರ ಹೊತ್ತಿ ಉರಿಯಲು ಶುರುವಾಗಿ ಏಳೆಂಟು ವರ್ಷ ಆಗಿತ್ತು. ಅಲ್ಲಿ ಸಾಯುತ್ತಿದ್ದವರು ಘೋಷಿತ ಯುದ್ಧದಲ್ಲಿ ಸಾಯುತ್ತಿರಲಿಲ್ಲ. ಅವರ ಸಾವಿಗೆ ಕತೆಯ ಆಕಾರ ಇರಲಿಲ್ಲ, ಗೆಲುವಿನ ದಿನಾಂಕ ಇರಲಿಲ್ಲ. ಇನ್ನೊಂದೆಡೆ ಮಾರುಕಟ್ಟೆ ತೆರೆದುಕೊಂಡು, ಕೇಬಲ್ ಟಿವಿ ಬಂದು, ನಗರದ ಮಧ್ಯಮ ವರ್ಗಕ್ಕೂ ಸೈನ್ಯಕ್ಕೆ ಮಕ್ಕಳನ್ನು ಕಳಿಸುವ ಹಳ್ಳಿಗಳಿಗೂ ನಡುವಿನ ದೂರ ಹೆಚ್ಚುತ್ತಿತ್ತು. ದೂರ ಇದ್ದವನಿಗೆ ಋಣದ ಭಾವ ಜಾಸ್ತಿ. 'ಬಾರ್ಡರ್' ಆ ಋಣಭಾವಕ್ಕೆ ಒಂದು ರಾತ್ರಿ, ಒಂದು ಠಾಣೆ, ಒಂದು ಸೂರ್ಯೋದಯವನ್ನು ಒದಗಿಸಿತು. ಬೆಳಗಾದಾಗ ಜೈಸಲ್ಮೇರ್‌ನಿಂದ ಹಂಟರ್ ವಿಮಾನಗಳು ಬಂದು ಟ್ಯಾಂಕ್‌ಗಳನ್ನು ಧ್ವಂಸ ಮಾಡುತ್ತವೆ. ಇದು ಇತಿಹಾಸದಲ್ಲೂ ಹಾಗೆಯೇ ಆಯಿತು, ಆ ವಿಮಾನಗಳಿಗೆ ಕತ್ತಲಲ್ಲಿ ಹೋರಾಡುವ ಸಾಮರ್ಥ್ಯ ಇರಲಿಲ್ಲ. ಆದರೆ ಅಷ್ಟರೊಳಗೆ ನಮಗಾಗಿ ಸಾಕಷ್ಟು ಜನ ಸತ್ತಿರಬೇಕಿತ್ತು. ಇಬ್ಬರು ಸತ್ತರು ಎಂದರೆ ಅದು ಯುದ್ಧತಂತ್ರದ ಯಶಸ್ಸು. 1997ರ ಪ್ರೇಕ್ಷಕನಿಗೆ ಬೇಕಾದದ್ದು ಯಶಸ್ಸಲ್ಲ, ತ್ಯಾಗ.

ಆ ಚಿತ್ರದ ಅತ್ಯಂತ ಜನಪ್ರಿಯ ಭಾಗ ಗುಂಡಿನ ಕಾಳಗವಲ್ಲ, ಪತ್ರದ ಹಾಡು. ಮನೆಯಿಂದ ಕಾಗದ ಬಂದಿದೆ, ಯಾವಾಗ ಬರುತ್ತೀಯ ಎಂದು ಕೇಳುತ್ತಿದೆ. ಮಗನೊಬ್ಬ ಸೈನ್ಯದಲ್ಲಿದ್ದ ಮನೆಗಳಲ್ಲಿ '56 ಎ.ಪಿ.ಒ.' ಎಂಬ ಸೇನಾ ಅಂಚೆಯ ವಿಳಾಸ ಗೊತ್ತಿಲ್ಲದವರಿಲ್ಲ. ಮಗ ಎಲ್ಲಿದ್ದಾನೆಂದು ಆ ವಿಳಾಸ ಹೇಳುವುದಿಲ್ಲ, ಇದ್ದಾನೆ ಎಂದಷ್ಟೇ ಹೇಳುತ್ತದೆ. ಆ ಕಾಗದವನ್ನು ಓದಿಸಿಕೊಳ್ಳಲು ಮೇಷ್ಟ್ರ ಮನೆಗೆ ಹೋಗುತ್ತಿದ್ದ ತಾಯಂದಿರ ತಲೆಮಾರು ಅದು. ಹಾಡು ಹಿಂದಿಯದಾದರೂ ಕನ್ನಡದ ಹಳ್ಳಿಗಳಲ್ಲೂ ಅದು ಕೇಳಿಸಿದ್ದು ಈ ಕಾರಣಕ್ಕೆ.

ಇನ್ನೊಂದು ಸಂಗತಿಯನ್ನು ಈಗಿನವರು ಮರೆತಿರುತ್ತಾರೆ. 'ಬಾರ್ಡರ್' ಮುಗಿಯುವುದು ಜಯಘೋಷದಿಂದಲ್ಲ. ನನ್ನ ಶತ್ರು, ನನ್ನ ಸೋದರ ಎಂದು ಕರೆಯುವ ಜಾವೇದ್ ಅಖ್ತರ್ ಅವರ ಹಾಡಿನಿಂದ. ಗೋಧಿ, ಭತ್ತ ಬಿತ್ತಬೇಕಾದ ಹೊಲಗಳಲ್ಲಿ ನಾವು ಬಂದೂಕುಗಳನ್ನು ಏಕೆ ಬಿತ್ತುತ್ತೇವೆ ಎಂದು ಅದು ಕೇಳುತ್ತದೆ. ಮೂರು ಗಂಟೆ ಶತ್ರುವನ್ನು ಬೈದು ಕೊನೆಯ ಐದು ನಿಮಿಷ ಕ್ಷಮೆ ಕೇಳುವುದು ಆಷಾಢಭೂತಿತನ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಗಡಿಯಾಚೆಯವನು ಒಂದು ಕಾಲಕ್ಕೆ ನೆರೆಯವನಾಗಿದ್ದ ಎಂಬ ನೆನಪು ಆಗ ಇನ್ನೂ ಜೀವಂತವಾಗಿತ್ತು. ಬಲರಾಜ್ ಸಾಹ್ನಿ ಹುಟ್ಟಿದ್ದೇ ರಾವಲ್ಪಿಂಡಿಯಲ್ಲಿ. ನಮ್ಮ ಕೊಡಗಿನ ಜನರಲ್ ಕಾರ್ಯಪ್ಪನವರ ಕತೆ ಎಲ್ಲರಿಗೂ ಗೊತ್ತು. 1965ರಲ್ಲಿ ವಾಯುಪಡೆಯಲ್ಲಿದ್ದ ಅವರ ಮಗ ಪಾಕಿಸ್ತಾನಕ್ಕೆ ಸೆರೆಸಿಕ್ಕಾಗ, ವಿಭಜನೆಗೆ ಮುಂಚೆ ಅದೇ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದ ಅಯೂಬ್ ಖಾನ್ ಅಲ್ಲಿ ಅಧ್ಯಕ್ಷರು. ಮಗನ ಬಗ್ಗೆ ಅಯೂಬ್ ಹೇಳಿಕಳಿಸಿದರೆ, ವಿಶೇಷ ಉಪಚಾರ ಬೇಡ, ಸೆರೆಯಾಳುಗಳೆಲ್ಲ ನನ್ನ ಮಕ್ಕಳೇ ಎಂಬ ಅರ್ಥದ ಉತ್ತರ ಹೋಯಿತು. ಶತ್ರುವಿಗೆ ಮುಖವೂ ಹೆಸರೂ ಹಳೆಯ ಪರಿಚಯವೂ ಇದ್ದ ಕಾಲ ಅದು. ಆ ತಲೆಮಾರು ಕರಗುತ್ತ ಹೋದಂತೆ ತೆರೆಯ ಮೇಲಿನ ಶತ್ರುವೂ ಮುಖ ಕಳೆದುಕೊಂಡ.

ಕಾರ್ಯಪ್ಪನವರ ಕೊಡಗಿನದೇ ಕತೆ, 1990ರಲ್ಲಿ ಬಂದ ರಾಜೇಂದ್ರಸಿಂಗ್ ಬಾಬು ಅವರ 'ಮುತ್ತಿನ ಹಾರ'. ವಿಷ್ಣುವರ್ಧನ್ ಸೈನಿಕ, ಸುಹಾಸಿನಿ ನರ್ಸ್. ಎರಡನೇ ಮಹಾಯುದ್ಧದಿಂದ ಶುರುವಾಗುವ ಆ ಕತೆಯಲ್ಲಿ ಯುದ್ಧ ಎಂಬುದು ಒಂದು ರಾತ್ರಿಯ ಪರಾಕ್ರಮವಲ್ಲ, ಒಂದೇ ಮನೆಯ ಬಾಗಿಲನ್ನು ತಲೆಮಾರಿನಿಂದ ತಲೆಮಾರಿಗೆ ಬಂದು ತಟ್ಟುವ ಸಾಲಗಾರ. ಪ್ರತಿ ಮನೆಯಲ್ಲೂ ಸೈನಿಕನಿರುವ ಜಿಲ್ಲೆಯಿಂದ ಹೊರಟ ಚಿತ್ರಕ್ಕೆ ಯುದ್ಧ ಹೀಗೆ ಕಾಣುವುದೇ ಸಹಜ. ಸೈನ್ಯವನ್ನು ಪಾಸ್‌ಪೋರ್ಟ್ ಕಚೇರಿಯಷ್ಟೇ ದೂರದಿಂದ ಬಲ್ಲ ಊರುಗಳಿಗೆ ಬೇರೆಯೇ ಚಿತ್ರ ಬೇಕಾಗುತ್ತದೆ.

1999ರ ಕಾರ್ಗಿಲ್ ಎಲ್ಲವನ್ನೂ ಬದಲಿಸಿತು. ಯುದ್ಧ ಟಿವಿಯಲ್ಲಿ ಬಂತು. ಅದಕ್ಕಿಂತ ಮುಖ್ಯವಾಗಿ, ಹಿಂದಿನ ಯುದ್ಧಗಳಲ್ಲಿ ಮಡಿದವರ ಅಂತ್ಯಕ್ರಿಯೆ ಹೆಚ್ಚಾಗಿ ಗಡಿಯ ಬಳಿಯೇ ಆಗುತ್ತಿದ್ದರೆ, ಈ ಬಾರಿ ಶವಪೆಟ್ಟಿಗೆಗಳು ಊರಿಗೇ ಬಂದವು. ಮಡಿದ 527 ಯೋಧರ ಪೈಕಿ ಒಬ್ಬರನ್ನಾದರೂ ಹೊತ್ತು ತಂದ ಮೆರವಣಿಗೆಯನ್ನು ಹತ್ತಿರದಿಂದಲೋ ಟಿವಿಯಲ್ಲೋ ನೋಡದವರಿರಲಿಲ್ಲ. ದತ್ತಾ ಅವರೇ 2003ರಲ್ಲಿ ನಾಲ್ಕು ಗಂಟೆಗೂ ಮೀರಿದ 'ಎಲ್‌ಒಸಿ ಕಾರ್ಗಿಲ್' ಮಾಡಿದರು. 'ಬಾರ್ಡರ್' ಕಂಡ ಗೆಲುವನ್ನು ಅದು ಕಾಣಲಿಲ್ಲ. ಜನ ಅದನ್ನು ಆಗಲೇ ಮನೆಯಲ್ಲಿ ಕೂತು ನೋಡಿದ್ದರು ಎಂಬುದು ನನ್ನ ಊಹೆ. ಮರುವರ್ಷದ 'ಲಕ್ಷ್ಯ' ಜಾಣತನದಿಂದ ಬೇರೆ ದಾರಿ ಹಿಡಿಯಿತು. ಏನು ಮಾಡಬೇಕೆಂದು ತಿಳಿಯದೆ ಅಲೆಯುವ ದಿಲ್ಲಿಯ ಶ್ರೀಮಂತ ಹುಡುಗನಿಗೆ ಕಾರ್ಗಿಲ್ ಶಿಖರ ಬದುಕಿನ ಗುರಿಯಾಗಿ ಸಿಗುತ್ತದೆ. ಯುದ್ಧ ಇಲ್ಲಿ ದೇಶದ ಕತೆಗಿಂತ ಒಬ್ಬನ ವ್ಯಕ್ತಿತ್ವ ವಿಕಸನದ ಕತೆ. ಉದಾರೀಕರಣದ ನಂತರ ಬೆಳೆದವರಿಗೆ ಅದು ಚೆನ್ನಾಗಿ ಅರ್ಥವಾಯಿತು.

2019ರ ಜನವರಿಯಲ್ಲಿ 'ಉರಿ' ಬಂತು. 2016ರ ಸೆಪ್ಟೆಂಬರ್‌ನಲ್ಲಿ ಉರಿ ಸೇನಾ ನೆಲೆಯ ಮೇಲಾದ ದಾಳಿ, ಅದಕ್ಕೆ ಉತ್ತರವಾಗಿ ಗಡಿ ನಿಯಂತ್ರಣ ರೇಖೆಯಾಚೆ ನಡೆದ ಕಾರ್ಯಾಚರಣೆ ಅದರ ವಸ್ತು. ಇಲ್ಲಿ ಸಾವಿನ ಲೆಕ್ಕ ಮತ್ತೆ ಬದಲಾಗಿದೆ. 'ಹಕೀಕತ್'ನಲ್ಲಿ ಬಹುತೇಕ ಎಲ್ಲರೂ ಸತ್ತರು. 'ಬಾರ್ಡರ್'ನಲ್ಲಿ ಅರ್ಧ ಜನ. 'ಉರಿ'ಯ ಆ ರಾತ್ರಿಯ ದಾಳಿಗೆ ಹೋದ ಕಮಾಂಡೊಗಳೆಲ್ಲರೂ ಹಿಂತಿರುಗುತ್ತಾರೆ. ನಾಯಕನ ಆಪ್ತನ ಸಾವು ದಾಳಿಗೆ ಮುಂಚೆ ಸಂಭವಿಸುತ್ತದೆ, ಪ್ರತೀಕಾರಕ್ಕೆ ಕಾರಣವಾಗಿ. ಮನೆಯಿಂದ ಬರುವ ಕಾಗದದ ಜಾಗದಲ್ಲಿ ಈಗ ಡ್ರೋನ್ ಕಳಿಸುವ ನೇರ ದೃಶ್ಯ, ಬಂಕರಿನ ಜಾಗದಲ್ಲಿ ದಿಲ್ಲಿಯ ಕೊಠಡಿ. ಇದು ಹೊಸ ಹಿಂದುಸ್ತಾನ, ಮನೆಗೆ ನುಗ್ಗಿ ಹೊಡೆಯುತ್ತದೆ ಎಂಬ ಮಾತು ಚಿತ್ರದ ತಿರುಳು. ಚಿತ್ರ ಬಿಡುಗಡೆಯಾಗಿ ವಾರ ಕಳೆಯುತ್ತಲೇ ಮುಂಬಯಿಯ ಸಮಾರಂಭವೊಂದರಲ್ಲಿ ಪ್ರಧಾನಿಯವರು ಅದರ 'ಜೋಶ್' ಸಂಭಾಷಣೆಯನ್ನು ಸಭಿಕರತ್ತ ಎಸೆದರು. ಫೆಬ್ರುವರಿ 14ರಂದು ಪುಲ್ವಾಮಾ ಆಯಿತು. ಏಪ್ರಿಲ್‌ನಲ್ಲಿ ಚುನಾವಣೆ.

ಯುದ್ಧ ಎಂದರೆ ಅನುಭವಿಸಬೇಕಾದ ಕಷ್ಟ ಎಂಬಲ್ಲಿಂದ, ನಾವೇ ಆರಿಸಿಕೊಂಡು, ಒಂದು ರಾತ್ರಿಯಲ್ಲಿ ಮುಗಿಸಿ, ಯಾರನ್ನೂ ಕಳೆದುಕೊಳ್ಳದೆ ವಾಪಸಾಗಬಹುದಾದ ಕೆಲಸ ಎಂಬಲ್ಲಿಗೆ ಐವತ್ತೈದು ವರ್ಷಗಳಲ್ಲಿ ನಾವು ಬಂದಿದ್ದೇವೆ. ನಿಜವಾದ ಯುದ್ಧ ಹಾಗಾಗಿಬಿಟ್ಟಿದೆ ಎಂದಲ್ಲ. ಹಾಗಿರಲಿ ಎಂಬ ಆಸೆ ಎಷ್ಟು ದೊಡ್ಡದು ಎಂಬುದನ್ನು ಟಿಕೆಟ್ ಕೌಂಟರ್ ಹೇಳುತ್ತದೆ.

ಈ ಆಸೆಗೆ ಇತಿಹಾಸವನ್ನು ಹಿಂದಕ್ಕೆ ಹೋಗಿ ತಿದ್ದುವ ಚಟವೂ ಇದೆ. 1985ರ 'ರ್‍ಯಾಂಬೊ' ಚಿತ್ರದಲ್ಲಿ ವಿಯೆಟ್ನಾಂಗೆ ಮರಳಿ ಹೋಗು ಎಂದಾಗ ನಾಯಕ ಕೇಳುವ ಪ್ರಶ್ನೆ ಪ್ರಸಿದ್ಧ: ಈ ಸಲ ನಮ್ಮನ್ನು ಗೆಲ್ಲಲು ಬಿಡುತ್ತಾರೆಯೇ? ಯುದ್ಧ ಮುಗಿದು ಹತ್ತು ವರ್ಷದ ನಂತರ ಅಮೆರಿಕ ತೆರೆಯ ಮೇಲೆ ಅದನ್ನು ಗೆದ್ದಿತು. ನಮ್ಮಲ್ಲಿ 2018ರಲ್ಲಿ ದತ್ತಾ ಚೀನಾ ಕುರಿತು 'ಪಲ್ಟನ್' ಮಾಡಿದಾಗ ಆರಿಸಿಕೊಂಡದ್ದು 1962ನ್ನಲ್ಲ, ಭಾರತ ಮೇಲುಗೈ ಸಾಧಿಸಿದ 1967ರ ನಾಥೂ ಲಾ ಚಕಮಕಿಯನ್ನು. 2020ರ ಜೂನ್‌ನಲ್ಲಿ ಗಾಲ್ವಾನ್‌ನಲ್ಲಿ 20 ಯೋಧರು ಮಡಿದ ಮೇಲೆ 1962 ಮತ್ತೆ ತೆರೆಗೆ ಬರತೊಡಗಿತು. 2025ರ ನವೆಂಬರ್‌ನಲ್ಲಿ ಬಂದ '120 ಬಹಾದೂರ್' ಅದೇ ರೆಜಾಂಗ್ ಲಾ ಕತೆ. ಶೀರ್ಷಿಕೆ ನೋಡಿ. 1964ರಲ್ಲಿ ಅದು 'ವಾಸ್ತವ' ಎಂಬ ಅರ್ಥದ ಹೆಸರಾಗಿತ್ತು, ಈಗ ಶೂರರ ಎಣಿಕೆ.

ಇದೆಲ್ಲ ಪ್ರೇಕ್ಷಕನ ಮನಸ್ಸಿನಿಂದಲೇ ಬರುತ್ತದೆ ಎಂದರೆ ಅರ್ಧ ಸತ್ಯ. ಟ್ಯಾಂಕ್ ಯಾರದ್ದು ಎಂದೂ ಕೇಳಬೇಕು. ನಿಜವಾದ ಟ್ಯಾಂಕ್, ವಿಮಾನ, ಗಡಿ ಪ್ರದೇಶದ ಪರವಾನಗಿ ಇರುವುದು ಸರ್ಕಾರದ ಬಳಿ. ಚಿತ್ರಕತೆ ಒಪ್ಪಿಗೆಯಾದರೆ ಸಿಗುತ್ತವೆ. ಅಮೆರಿಕದ ರಕ್ಷಣಾ ಇಲಾಖೆ ಇದನ್ನು ಒಂದು ವ್ಯವಸ್ಥೆಯಾಗಿಯೇ ನಡೆಸಿಕೊಂಡು ಬಂದಿದೆ. 1968ರಲ್ಲಿ ವಿಯೆಟ್ನಾಂ ಯುದ್ಧವನ್ನು ಸಮರ್ಥಿಸಿದ ಜಾನ್ ವೇಯ್ನ್ ಚಿತ್ರಕ್ಕೆ ಬೇಕಾದ್ದೆಲ್ಲ ಸಿಕ್ಕಿತು. ಅದೇ ಯುದ್ಧದ ಹುಚ್ಚುತನ ತೋರಿಸಿದ 'ಅಪೋಕ್ಯಾಲಿಪ್ಸ್ ನೌ' ಚಿತ್ರಕ್ಕೆ ಸಹಕಾರ ಸಿಗದೆ, ಅದರ ನಿರ್ದೇಶಕ ಕೊಪೊಲಾ ಫಿಲಿಪ್ಪೀನ್ಸಿನ ಮಾರ್ಕೋಸ್ ಸರ್ಕಾರದಿಂದ ಹೆಲಿಕಾಪ್ಟರ್ ಬಾಡಿಗೆಗೆ ತಂದರು. ಚಿತ್ರೀಕರಣದ ನಡುವೆ ಅವು ಅಲ್ಲಿನ ಬಂಡುಕೋರರ ಮೇಲಿನ ನಿಜವಾದ ಕಾಳಗಕ್ಕೆ ಹಾರಿಹೋಗುತ್ತಿದ್ದವು. ಭಾರತದಲ್ಲಿ 2020ರ ಜುಲೈನಲ್ಲಿ ರಕ್ಷಣಾ ಸಚಿವಾಲಯ ಸೇನೆಯ ಕುರಿತ ಚಿತ್ರ, ವೆಬ್ ಸರಣಿಗಳಿಗೆ ತನ್ನ ನಿರಾಕ್ಷೇಪಣಾ ಪತ್ರ ಪಡೆಯಬೇಕೆಂದು ಸೆನ್ಸಾರ್ ಮಂಡಳಿಗೆ ಬರೆಯಿತು.

ಸರ್ಕಾರ ಬೇಡವೆನ್ನುವ ಮೊದಲೇ ಬೀದಿ ಬೇಡವೆನ್ನುವುದೂ ಉಂಟು. 1930ರ ಡಿಸೆಂಬರ್‌ನಲ್ಲಿ, ಮೊದಲ ಮಹಾಯುದ್ಧದಲ್ಲಿ ಜರ್ಮನ್ ಹುಡುಗರು ಅರ್ಥವಿಲ್ಲದೆ ಸಾಯುವುದನ್ನು ತೋರಿಸಿದ 'ಆಲ್ ಕ್ವೈಯೆಟ್ ಆನ್ ದ ವೆಸ್ಟರ್ನ್ ಫ್ರಂಟ್' ಬರ್ಲಿನ್‌ನಲ್ಲಿ ಪ್ರದರ್ಶನವಾದಾಗ, ಗೋಬೆಲ್ಸ್ ಕರೆತಂದ ನಾಜಿ ಗುಂಪು ಚಿತ್ರಮಂದಿರದೊಳಗೆ ದುರ್ನಾತದ ಬಾಂಬು ಹಾಕಿ ಬಿಳಿ ಇಲಿಗಳನ್ನು ಬಿಟ್ಟಿತು. ಕೆಲವೇ ದಿನಗಳಲ್ಲಿ ಚಿತ್ರ ನಿಷೇಧವಾಯಿತು. ನಾಜಿಗಳು ಅಧಿಕಾರಕ್ಕೆ ಬರಲು ಇನ್ನೂ ಎರಡು ವರ್ಷವಿತ್ತು.

ಹಾಗೆಂದ ಮೇಲೆ, ಮಾಡದೇ ಉಳಿದ ಚಿತ್ರಗಳ ಪಟ್ಟಿಯನ್ನೂ ನೋಡಬೇಕಾಗುತ್ತದೆ. 1987ರಿಂದ 1990ರವರೆಗೆ ಭಾರತದ ಶಾಂತಿಪಾಲನಾ ಪಡೆ ಶ್ರೀಲಂಕಾದಲ್ಲಿತ್ತು. ಸುಮಾರು 1,200 ಭಾರತೀಯ ಯೋಧರು ಅಲ್ಲಿ ಸತ್ತರು, ಕಾರ್ಗಿಲ್‌ನ ಎರಡು ಪಟ್ಟಿಗಿಂತ ಹೆಚ್ಚು. ಅವರು ಯಾರ ವಿರುದ್ಧ ಹೋರಾಡಿದರು, ಯಾರ ಪರವಾಗಿ, ಗೆದ್ದರೇ ಸೋತರೇ ಎಂದು ಒಂದು ವಾಕ್ಯದಲ್ಲಿ ಹೇಳಲು ಇಂದಿಗೂ ಕಷ್ಟ. ಸೋತರೆ 'ಹಕೀಕತ್' ಆಗಬಹುದಿತ್ತು, ಗೆದ್ದಿದ್ದರೆ 'ಬಾರ್ಡರ್'. ಎರಡೂ ಅಲ್ಲದ ಯುದ್ಧಕ್ಕೆ ನಮ್ಮಲ್ಲಿ ಹಾಡಿಲ್ಲ. 2013ರ 'ಮದ್ರಾಸ್ ಕೆಫೆ'ಯಲ್ಲಿ ಅದು ಹಿನ್ನೆಲೆಯಾಗಿ ಹಾದುಹೋಗುತ್ತದೆ, ಅಷ್ಟೇ. ಆ ಯೋಧರ ಹೆಸರು ಕೆತ್ತಿದ ದೊಡ್ಡದೊಂದು ಸ್ಮಾರಕ ಕೊಲಂಬೊ ಪಕ್ಕದ ಶ್ರೀ ಜಯವರ್ಧನಪುರ ಕೋಟ್ಟೆ ನಗರದಲ್ಲಿದೆ. ಕಪ್ಪು ಕಲ್ಲಿನ ಮೇಲೆ ಸಾಲಾಗಿ ಹೆಸರುಗಳು. ಅದನ್ನು ಕಟ್ಟಿಸಿದ್ದು ಶ್ರೀಲಂಕಾ.